ದೇವಿಮನೆ ಘಟ್ಟಕ್ಕೆ ಎಂಥ ಟೈರು: ಶಿರಸಿಯ ಅಂಗಡಿಯೊಂದರ ಅನುಭವ

ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ನವೆಂಬರ್ ಕೊನೆಯ ಒಂದು ಬೆಳಿಗ್ಗೆ, ನನ್ನ ಮಾಜ್ದಾ ಎಂಎಕ್ಸ್-5 ಕಾರು ನಾಲ್ಕು ಬೆರಳಿನಷ್ಟು ಹಿಮ ಬಿದ್ದಿದ್ದ ಸಣ್ಣ ಏರನ್ನು ಹತ್ತಲಾರದೆ ಅಡ್ಡಡ್ಡ ಜಾರಿ ನಿಂತಿತು. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಆ ಹಗುರ ಸ್ಪೋರ್ಟ್ಸ್ ಕಾರಿನದು ತಪ್ಪಲ್ಲ, ಬೇಸಿಗೆಯ ಟೈರನ್ನು ಬದಲಿಸದೆ ಬಿಟ್ಟ ನನ್ನದೇ ತಪ್ಪು. ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬುದು ಅಲ್ಲಿನ ರೂಢಿ; ಹಿಮ ಬಿದ್ದ ರಸ್ತೆಯಲ್ಲಿ 2010ರಿಂದ ಅದು ಕಾನೂನೂ ಹೌದು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರು ಗಡುಸಾಗತೊಡಗಿ ರಸ್ತೆಯನ್ನು ಅಷ್ಟು ಚೆನ್ನಾಗಿ ಕಚ್ಚುವುದಿಲ್ಲ ಎಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತಿರುವ ಟೈರು ಹಾಕಿಸಿದ ಮೇಲೆ ಅದೇ ಕಾರು ಅದೇ ಏರನ್ನು ಎರಡನೇ ಗೇರಿನಲ್ಲಿ ನಿಧಾನಕ್ಕೆ, ನೇರವಾಗಿ ಹತ್ತಿತು.

ಈಗ ಊರಿನಲ್ಲಿ ನನ್ನ ಬಳಿ ಇರುವುದು ಪೊಲೊ ಜಿಟಿ ಕಾರು. ವಾರಕ್ಕೆರಡು ಬಾರಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತೇನೆ. ಮಳೆಗಾಲಕ್ಕೆ ಮುಂಚೆ ಟೈರು ಬದಲಿಸಲೆಂದು ಪೇಟೆಯ ಒಂದು ಹಳೆಯ ಅಂಗಡಿಗೆ ಹೋದಾಗ, 195 ಮಿ.ಮೀ. ಬದಲು 215 ಮಿ.ಮೀ. ಅಗಲದ್ದೇ ಬೇಕು, ಸಾಧ್ಯವಾದರೆ ಚಳಿಗಾಲದ ಟೈರನ್ನೇ ತರಿಸಿಕೊಡಿ ಎಂದು ಕೇಳಿದೆ. ದುಡ್ಡು ಕೊಡುವ ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸುವುದು ಅವರಿಗೆ ಸುಲಭವಿತ್ತು. ಅಂಗಡಿಯ ಯಜಮಾನರು ಹಾಗೆ ಮಾಡಲಿಲ್ಲ.

ಅವರು ಮೊದಲು ನನ್ನ ಹಳೆಯ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಗ್ರೂವಿನೊಳಗೆ, ಅಂದರೆ ನೀರು ಹರಿದುಹೋಗಲು ಟೈರಿನಲ್ಲಿರುವ ಗೀರಿನೊಳಗೆ, ಹೆಬ್ಬೆರಳು ಆಡಿಸಿ, ಸಿಕ್ಕಿಕೊಂಡಿದ್ದ ಜಂಬಿಟ್ಟಿಗೆಯ ಚೂರೊಂದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನನ್ನ ಅಂಗೈಗಿಟ್ಟರು. "ತಮಾ, ಘಟ್ಟದಲ್ಲಿ ಇರೋದು ಹಿಮ ಅಲ್ಲ, ನೀರು ಮತ್ತೆ ಈ ಮಣ್ಣು. ಟೈರು ನೀರನ್ನ ಸೀಳಿ ಹೊರಗೆ ಹಾಕ್ಬೇಕು" ಎಂದರು. ಟೈರು ಅಗಲವಾದಷ್ಟೂ ಹೆಚ್ಚು ನೀರನ್ನು ತಳ್ಳಬೇಕಾಗಿ, ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲತೊಡಗುತ್ತದೆ. ಹಿಮದಲ್ಲೂ ಕಿರಿದಾದ ಟೈರೇ ಚೆನ್ನಾಗಿ ಒಳಗಿಳಿದು ಹಿಡಿಯುತ್ತದೆ ಎಂದು ಮ್ಯೂನಿಕ್‌ನಲ್ಲಿ ಕೇಳಿದ್ದೆ. ಊರಿಗೆ ಬಂದು ಅದನ್ನು ಮರೆತಿದ್ದೆ. ಚಳಿಗಾಲದ ಮೆತ್ತನೆ ರಬ್ಬರು ನಮ್ಮ ಸೆಕೆಗೆ ಬೇಗ ಸವೆದು, ತಿರುವಿನಲ್ಲಿ ಓಲಾಡುತ್ತದೆ ಎಂಬ ಅವರ ಮಾತೂ ನಿಜವೇ.

ಕೊನೆಗೆ ಅವರು ಕಂಪನಿಯ ಅಳತೆಯದೇ ಆದ, ಸುತ್ತಲೂ ನಾಲ್ಕು ಆಳವಾದ ನೇರ ಗ್ರೂವುಗಳಿದ್ದ ಟೈರನ್ನು ಆರಿಸಿಕೊಟ್ಟರು. ಟೈರಿನ ಬದಿಯ ಮೇಲಿನ ನಾಲ್ಕಂಕಿಯನ್ನು, ಅಂದರೆ ತಯಾರಾದ ವಾರ ಮತ್ತು ವರ್ಷವನ್ನು, ನಾನು ಕೇಳುವ ಮೊದಲೇ ಟಾರ್ಚು ಹಿಡಿದು ತೋರಿಸಿದರು. ಗ್ರೂವಿನ ಆಳ 1.6 ಮಿ.ಮೀ.ಗೆ ಇಳಿಯುವತನಕ ಓಡಿಸಲು ಕಾನೂನಿನ ಅಡ್ಡಿಯಿಲ್ಲದಿದ್ದರೂ, ಘಟ್ಟ ಹತ್ತಿ ಇಳಿಯುವವರು 3 ಮಿ.ಮೀ.ಗೇ ಬದಲಿಸಬೇಕು ಎಂದು ಬಿಲ್ಲಿನ ಹಿಂದೆ ಬರೆದುಕೊಟ್ಟರು. ನಾಲ್ಕಕ್ಕೂ ಸೇರಿ 28,400 ರೂಪಾಯಿ ಆಯಿತು.

ಜುಲೈಯ ಒಂದು ಸಂಜೆ ದೇವಿಮನೆಯ ತಿರುವಿನಲ್ಲಿ ಧರೆಯ ಕೆಂಪು ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು. ಕಳೆದ ವರ್ಷ ಅಂಥ ಕಡೆ ಸ್ಟೀರಿಂಗ್ ಕ್ಷಣಕಾಲ ಹಗುರಾಗಿ ಎದೆ ಝಲ್ಲೆಂದಿತ್ತು. ಈ ಸಲ ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಿದಾಗ ಕೈಯಲ್ಲಿ ಭಾರ ಹಾಗೆಯೇ ಉಳಿಯಿತು. ಟೈರು ಮಳೆಯಲ್ಲಿ ಸದ್ದಿಲ್ಲದೆ ಓಡುತ್ತದೆ. ಒಣ ಡಾಂಬರಿನ ಮೇಲೆ ಮಾತ್ರ ತಿರುವಿಗೆ ಹಳೆಯದರಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ.

ಅಂಗಡಿಯಲ್ಲಿ ಕೊರತೆಗಳೂ ಇವೆ. ನನ್ನ ಅಳತೆಯ ಟೈರು ಇರಲಿಲ್ಲವಾಗಿ ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ ಹಿಡಿಯಿತು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಷಿನ್ನು ಒಂದೇ ಇರುವುದರಿಂದ ಶನಿವಾರ ಹೋದರೆ ಅರ್ಧ ದಿನ ಕಾಯಬೇಕು. ಬ್ಯಾಲೆನ್ಸಿಂಗಿಗೆ, ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಲೆಂದು, ಅಂಟಿಸಿದ್ದ ಸೀಸದ ತುಂಡೊಂದು ವಾರದಲ್ಲೇ ಉದುರಿ, 80ರ ವೇಗದಲ್ಲಿ ಸ್ಟೀರಿಂಗ್ ನಡುಗತೊಡಗಿತು. ಮರಳಿ ಹೋದಾಗ ಎರಡು ಮಾತಿಲ್ಲದೆ, ದುಡ್ಡೂ ತೆಗೆದುಕೊಳ್ಳದೆ, ನಾಲ್ಕೂ ಚಕ್ರ ಬಿಚ್ಚಿ ಹೊಸದಾಗಿ ಮಾಡಿಕೊಟ್ಟರು.