ಒಂದೇ ಅಧ್ಯಾಯ, ಮೂರು ತಂತ್ರಾಂಶ

ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಸಂಖ್ಯಾಶಾಸ್ತ್ರದ ಪುಸ್ತಕ ಬರೆಯಲು ಕುಳಿತಾಗ, ಯಾವ ತಂತ್ರಾಂಶದಲ್ಲಿ ಬರೆಯಬೇಕು ಎಂಬುದೇ ಮೊದಲ ತೊಡಕಾಯಿತು. ಸಂಭವನೀಯತೆಯ ಅಧ್ಯಾಯವೊಂದನ್ನೇ ವರ್ಡ್‌ನಂಥ ಲಿಬ್ರೆಆಫೀಸ್ ರೈಟರ್, ಮಾರ್ಕ್‌ಡೌನ್–ಪ್ಯಾನ್‌ಡಾಕ್ ಜೋಡಿ (ಸರಳ ಗುರುತುಗಳಿಟ್ಟು ಬರೆಯುವ ಕ್ರಮ, ಅದನ್ನು ಬೇರೆ ರೂಪಗಳಿಗೆ ಬದಲಿಸುವ ತಂತ್ರಾಂಶ) ಮತ್ತು ಜೀಲೇಟೆಕ್ (ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್‌ನ ಒಂದು ರೂಪ) ಮೂರರಲ್ಲೂ ಟೈಪು ಮಾಡಿ ನೋಡಿದೆ.

ರೈಟರ್‌ನಲ್ಲಿ ಒತ್ತಕ್ಷರಗಳ ಚಿಂತೆಯಿಲ್ಲ. ಯೂನಿಕೋಡ್ ಫಾಂಟ್ ಆರಿಸಿದರೆ ಸಾಕು, ‘ರಾಷ್ಟ್ರೀಯ’ ಎಂಬ ಪದ ಸರಿಯಾಗಿ ಮೂಡುತ್ತದೆ. ಕರಡು ತಿದ್ದುವವರು ಅದೇ ಕಡತದಲ್ಲಿ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸಬಹುದು. ಇದು ಸಣ್ಣ ಅನುಕೂಲವಲ್ಲ. ಆದರೆ ನಡುವೆ ಒಂದು ಪ್ಯಾರಾ ಸೇರಿಸಿದರೆ ಚಿತ್ರಗಳೆಲ್ಲ ಎಲ್ಲಿ ಕುಳಿತಿವೆ ಎಂದು ಮತ್ತೆ ನೋಡಿಕೊಂಡು ಬರಬೇಕು.

ಬರೆಯುವ ಸುಖ ಹೆಚ್ಚಾಗಿ ಸಿಕ್ಕಿದ್ದು ಮಾರ್ಕ್‌ಡೌನ್‌ನಲ್ಲಿ. ಅದು ಬರೀ ಪಠ್ಯ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಟ್ಟರೆ ನಿನ್ನೆಯಿಂದ ಯಾವ ಸಾಲು ಬದಲಾಗಿದೆ ಎಂಬುದು ಕಾಣುತ್ತದೆ, ಅದೇ ಕಡತದಿಂದ ಇ-ಪುಸ್ತಕವೂ ಸಿದ್ಧವಾಗುತ್ತದೆ. ಪ್ರೋಗ್ರಾಮಿಂಗ್ ಕೈಪಿಡಿ ಬರೆಯುವವರಿಗೆ ಇದನ್ನೇ ಹೇಳುತ್ತೇನೆ. ನನಗೆ ಬೇಕಾದ, ಮನೆಗಳು ಕೂಡಿಕೊಂಡ ಕೋಷ್ಟಕಗಳಿಗೆ ಮಾತ್ರ ಇದು ಒಗ್ಗಲಿಲ್ಲ.

ಜೀಲೇಟೆಕ್‌ನಲ್ಲಿ ಮೊದಲ ದಿನ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿಹೋದವು. ಫಾಂಟ್ ಹೆಸರಿಸುವ ಸಾಲಿನಲ್ಲಿ ಲಿಪಿ ಕನ್ನಡ ಎಂದು ನಾನು ಸೂಚಿಸಿರಲಿಲ್ಲ. ಆ ಒಂದು ಮಾತು ಸೇರಿಸಿದೊಡನೆ ಪುಟ ಅಚ್ಚುಕಟ್ಟಾಯಿತು. ಆಮೇಲೆ ತಿಳಿಯಿತು ಇದರ ಬೆಲೆ: ಹೊಸ ಸಮೀಕರಣವೊಂದು ನಡುವೆ ಬಂದರೆ, ‘ಸಮೀಕರಣ 4.7 ನೋಡಿ’ ಎಂದಿರುವ ಕಡೆಯಲ್ಲೆಲ್ಲ ಸಂಖ್ಯೆ ತಾನಾಗಿಯೇ 4.8 ಆಗುತ್ತದೆ. ನೂರಾರು ಸಮೀಕರಣಗಳ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಯಾವುದಿದೆ?

ಪದಸೂಚಿ ಮಾತ್ರ ದಿನಗಟ್ಟಲೆ ಕಾಡಿತು. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಕೊಟ್ಟ ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ಲ’ ಮತ್ತು ‘ವ’ ನಡುವೆ ಇದೆ. ಬರೀ ಸಂಕೇತ ನೋಡಿ ಜೋಡಿಸಿದರೆ ‘ಅಳತೆ’ ಹೋಗಿ ‘ಅವಧಿ’ಗಿಂತ ಮೊದಲೇ ಕೂರುತ್ತದೆ. ನಿಘಂಟು ನೋಡಿ ಬೆಳೆದ ಓದುಗ ಅದನ್ನು ಅಲ್ಲಿ ಹುಡುಕುವುದಿಲ್ಲ. ಸೂಚಿಯ ಪ್ರತಿ ಪದಕ್ಕೂ ಬೇರೆ ವಿಂಗಡಣೆ ಕೀಲಿ, ಅಂದರೆ ಅದು ಎಲ್ಲಿ ಕೂರಬೇಕೆಂದು ಹೇಳುವ ಗುರುತು, ಕೊಡಲು ಲೇಟೆಕ್‌ನಲ್ಲಿ ಅವಕಾಶವಿದೆ. ‘ಳ’ ಇರುವ ಪದಗಳಿಗೆಲ್ಲ ಕೈಯಾರೆ ಕೊಟ್ಟೆ.

ಪುಸ್ತಕ ಜೀಲೇಟೆಕ್‌ನಲ್ಲೇ ಮುಂದುವರಿದಿದೆ. ಕರಡು ನೋಡುವ ಅಧ್ಯಾಪಕರಿಗೆ ಆಜ್ಞೆಗಳು ತುಂಬಿದ ಕಡತ ಕಳಿಸುವುದು ಸಲ್ಲದು. ಹಾಗಾಗಿ ಅಂಚಿನಲ್ಲಿ ಸಾಲಿನ ಸಂಖ್ಯೆ ಹಾಕಿದ ಪಿಡಿಎಫ್ ಮುದ್ರಿಸಿ ಕೊಡುತ್ತೇನೆ. ಅವರು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ರಾತ್ರಿ ಕುಳಿತು ನಾನೇ ಸೇರಿಸುತ್ತೇನೆ.