ಪಾಪಾಸುಕಳ್ಳಿಯ ಮುಂದೆ 100 ಎಂ.ಎಂ. ಮ್ಯಾಕ್ರೋ ಲೆನ್ಸ್: ಹಲವು ಹೂಕಾಲಗಳ ಬಳಕೆಯ ನಂತರ

ಲೆನ್ಸ್ ಎಷ್ಟು ಶಾರ್ಪ್ ಎಂದು ಕೇಳುವವರೇ ಹೆಚ್ಚು. ತೀರಾ ಹತ್ತಿರದಿಂದ ಚಿತ್ರ ತೆಗೆಯಲೆಂದೇ ಇರುವ ಈಗಿನ 100 ಎಂ.ಎಂ. ಮ್ಯಾಕ್ರೋ ಲೆನ್ಸ್‌ಗಳಲ್ಲಿ ಶಾರ್ಪ್ ಅಲ್ಲದ್ದನ್ನು ಹುಡುಕುವುದೇ ಕಷ್ಟ. ಪಾಪಾಸುಕಳ್ಳಿಯ ಹಿಂದೆ ಬಿದ್ದವರು ನೋಡಬೇಕಾದ್ದು ಬೇರೆ: ಲೆನ್ಸಿನ ಮೂತಿಗೂ ಗಿಡಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ? ನನ್ನ ಈ ಲೆನ್ಸಿನಲ್ಲಿ 1:1 ಅಳತೆಗೆ (ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ ಬೀಳುವಷ್ಟು ಹತ್ತಿರ) ಹೋದಾಗಲೂ ಸುಮಾರು 13 ಸೆಂ.ಮೀ. ಉಳಿಯುತ್ತದೆ. ಲೆನ್ಸಿನ ಮೂತಿಗೆ ನೆರಳು ಕೊಡುವ ಹುಡ್ ಹಾಕಿದರೆ ಅದರಲ್ಲೂ ಒಂದಿಷ್ಟು ಹೋಗುತ್ತದೆ, ಆದರೂ ಸಾಕು. 60 ಎಂ.ಎಂ. ಮ್ಯಾಕ್ರೋ ಆದರೆ ಮುಳ್ಳುಗಳ ನಡುವೆಯೇ ತಲೆ ತೂರಿಸಬೇಕು, ಮೇಲಾಗಿ ಕ್ಯಾಮೆರಾದ ನೆರಳು ಹೂವಿನ ಮೇಲೇ ಬೀಳುತ್ತದೆ.

ಉದ್ದ ಮುಳ್ಳುಗಳಿಂದ ತಪ್ಪಿಸಿಕೊಳ್ಳಬಹುದು, ಕಣ್ಣಿಗೆ ಕಾಣುತ್ತವಲ್ಲ. ನಿಜವಾದ ಕಾಟ ಅವುಗಳ ಬುಡದಲ್ಲಿ ಗೊಂಚಲುಗೊಂಚಲಾಗಿರುವ ಗ್ಲಾಕಿಡ್ ಎಂಬ ಸಣ್ಣ ಮುಳ್ಳುಗಳದ್ದು. ಕೂದಲಿನಷ್ಟು ಸಣ್ಣ, ಮೈಮೇಲೆಲ್ಲ ಹಿಮ್ಮುಖ ಕೊಕ್ಕೆ. ಸೋಕಿದರೆ ಸಾಕು, ಕಳಚಿಕೊಂಡು ಬಂದುಬಿಡುತ್ತವೆ. ಫೋಕಸ್ ರಿಂಗಿನ ರಬ್ಬರ್ ಇವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬೆರಳಿಗೆ ದಾಟಿಸುತ್ತದೆ. ಅಂಟುಟೇಪ್ ಒತ್ತಿ ಕಿತ್ತರೆ ಬಹುಪಾಲು ಹೋಗುತ್ತವೆ, ಪೂರ್ತಿ ಅಲ್ಲ. ಈಗ ಆ ರಬ್ಬರ್ ಹಿಗ್ಗಿ ಸಡಿಲವಾಗಿರುವುದರಿಂದ ಅದರಡಿಗೂ ನುಸುಳುತ್ತಿವೆ. ಲೋಹದ ರಿಂಗ್ ಕೊಟ್ಟಿದ್ದರೆ ಈ ತಕರಾರೇ ಇರುತ್ತಿರಲಿಲ್ಲ.

ಆಟೋಫೋಕಸ್ ಬಗ್ಗೆ ಹೇಳುವುದು ಕಡಿಮೆ. ಹತ್ತಿರ ಹೋದಷ್ಟೂ ಮುಂದಿನ ಮುಳ್ಳು, ಹಿಂದಿನ ಮುಳ್ಳು ಎಂದು ತಡಕಾಡುತ್ತದೆ. ಮ್ಯಾನುಯಲ್‌ಗೆ ಹಾಕಿ, ಕ್ಯಾಮೆರಾವನ್ನೇ ಹಿಂದೆಮುಂದೆ ಮಾಡುವುದು ವಾಸಿ. ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 1:1ಕ್ಕೆ ಲೆನ್ಸಿನ ಬೆಳಕಿಂಡಿಯನ್ನು ಎಫ್/8ಕ್ಕೆ ಇಟ್ಟರೂ ಫೋಕಸ್ ಆಗುವ ಆಳ ಸುಮಾರು 1 ಮಿ.ಮೀ. ಅಷ್ಟೇ. ಕಿಂಡಿಯನ್ನು ಇನ್ನೂ ಕಿರಿದಾಗಿಸಿ ಎಫ್/22ಕ್ಕೆ ಮುಚ್ಚಿದರೆ ಆಳ ಹೆಚ್ಚುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ಕಿರುಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಚಿತ್ರವೆಲ್ಲ ಮೆತ್ತಗಾಗುತ್ತದೆ. ಸ್ಟೆಬಿಲೈಸೇಶನ್ ಕೈನಡುಕಕ್ಕೆ ಮದ್ದು, ಗಾಳಿಗಲ್ಲ.

ಈ ಗಿಡಕ್ಕೆ ಫೋಟೋಗ್ರಾಫರ್‌ಗಳ ಮೇಲೆ ಕರುಣೆಯಿಲ್ಲ. ಎಳೆಬಿಸಿಲು ಇರುವಷ್ಟು ಹೊತ್ತೂ ಮೊಗ್ಗು ಮುಚ್ಚಿಕೊಂಡೇ ಇದ್ದು, ಬಿಸಿಲೇರಿದ ಮೇಲೆ ಅರಳುತ್ತದೆ. ಬಹಳಷ್ಟು ಜಾತಿಗಳಲ್ಲಿ ಒಂದು ಹೂವಿನ ಆಯುಸ್ಸು ಒಂದೇ ದಿನ. ಹಾಗಾಗಿ ಬಿರುಬಿಸಿಲನ್ನು ಮೃದುವಾಗಿಸುವ ಬಿಳಿ ಡಿಫ್ಯೂಸರ್ ಪರದೆ ಇಲ್ಲದೆ ನಾನು ಹೊರಡುವುದಿಲ್ಲ. ಹಳದಿ ಎಸಳುಗಳಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಮೊದಲು ಮಿತಿ ಮೀರಿ ಸುಟ್ಟುಹೋಗುತ್ತದೆ, ಬೆಳಕಿನ ಹಂಚಿಕೆ ತೋರಿಸುವ ಸಾಧಾರಣ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ನೋಡಿಕೊಂಡು ಎಕ್ಸ್‌ಪೋಷರ್ ಇಳಿಸಬೇಕು. ಇಷ್ಟೆಲ್ಲ ಪಾಡು ಪಟ್ಟದ್ದಕ್ಕೆ ಫಲ ಸಿಗುವುದು ಜೇನುಹುಳು ಬಂದಾಗ. ಅದು ಒಳಗಿಳಿದು ಕೇಸರಗಳನ್ನು ಸೋಕಿದ ಕೂಡಲೇ ಅವು ನಡುವಿನ ಶಲಾಕೆಯತ್ತ (ಹೂವಿನ ಹೆಣ್ಣುಭಾಗದ ಕಂಬದತ್ತ) ಬಾಗಿ ಹುಳುವನ್ನು ಮುತ್ತಿಕೊಳ್ಳುತ್ತವೆ. ಒಣ ಹುಲ್ಲುಕಡ್ಡಿಯಿಂದ ಮೆಲ್ಲಗೆ ಸವರಿದರೂ ಅದೇ ಆಟ. ಆದರೆ ಕಡ್ಡಿಯ ಚಿತ್ರಕ್ಕೆ ಆ ಕಳೆ ಬರುವುದಿಲ್ಲ.

ಹಣ್ಣಿಗೆ ಹಿಂಬೆಳಕು ಬೇಕು. ಬೆಳಕು ಹಿಂದಿನಿಂದ ಬಂದರೆ ಗ್ಲಾಕಿಡ್ ಗೊಂಚಲುಗಳೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಸಿಪ್ಪೆಯ ಹೊಳಪು ತಗ್ಗಿ ಒಳಗಿನ ಕೆಂಪು ಎದ್ದು ಬರುತ್ತದೆ. ಬೀಟ್‌ರೂಟಿಗೂ ಬಣ್ಣ ಕೊಡುವ ಬೀಟಲೇನ್ ಗುಂಪಿನ ಬಣ್ಣವೇ ಇಲ್ಲೂ ಇರುವುದು. ಹೆಚ್ಚಿದ ಹಣ್ಣಿನ ಚಿತ್ರ ತೆಗೆಯುವುದಾದರೆ ಇಕ್ಕಳದಲ್ಲಿ ಹಿಡಿದು, ಉರಿಗೆ ಹೊರಳಿಸಿ ಗ್ಲಾಕಿಡ್ ಸುಟ್ಟು, ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ ಸಿಪ್ಪೆ ಬಿಡಿಸಿ. ಚಿತ್ರ ಮುಗಿದ ಮೇಲೆ ತಿನ್ನಬಹುದು, ಬೀಜ ಮಾತ್ರ ಹಲ್ಲಿಗೆ ಬಗ್ಗುವಂಥದ್ದಲ್ಲ.

ಇಡೀ ಹೂವು ಚೌಕಟ್ಟಿನಲ್ಲಿ ಬಂದರೆ ಸಾಕು ಎನ್ನುವವರು ಇದನ್ನು ಕೊಳ್ಳಬೇಕಿಲ್ಲ. 7 ಸೆಂ.ಮೀ. ಅಗಲದ ಹೂವಿಗೆ 1:3 ಅಳತೆಯೇ ಸಾಕು, ಇರುವ ಟೆಲಿ ಲೆನ್ಸಿಗೆ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಟೊಳ್ಳು ಕೊಳವೆ) ಸಿಕ್ಕಿಸಿದರೆ ಆಯಿತು.