ಆನ್‌ಶೇಪ್: ಎರಡು ಮಳೆಗಾಲ ದಾಟಿದ ಬಳಕೆಯ ನಂತರ

ಬ್ರೌಸರ್‌ನಲ್ಲೇ ನಡೆಯುವ ಕ್ಯಾಡ್ (ವಸ್ತುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶ) ಎಂದಾಗ ಹೆಚ್ಚಿನವರ ನೆನಪಿಗೆ ಬರುವುದು ಮಕ್ಕಳೂ ಬಳಸುವ ಸರಳ ಟಿಂಕರ್‌ಕ್ಯಾಡ್. ಆನ್‌ಶೇಪ್ ಆ ಜಾತಿಯದ್ದಲ್ಲ. ಎಂಜಿನಿಯರ್‌ಗಳು ಬಳಸುವ ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಕಟ್ಟಿದ ಜಾನ್ ಹರ್ಷ್‌ಟಿಕ್ ಮತ್ತು ಅವರ ಹಳೆಯ ಸಂಗಾತಿಗಳು ಮಾಡಿದ್ದು ಇದು. 2015ರಲ್ಲಿ ಸಾರ್ವಜನಿಕರ ಕೈಗೆ ಬಂತು, 2019ರಲ್ಲಿ ಪಿಟಿಸಿ ಕಂಪನಿ ಕೊಂಡುಕೊಂಡಿತು. ಒಳಗೆ ಓಡುವುದು ಪ್ಯಾರಾಸಾಲಿಡ್. ಅಂದರೆ ಸಾಲಿಡ್‌ವರ್ಕ್ಸ್ ಬಳಸುವ ಘನಾಕೃತಿಯ ಎಂಜಿನ್ ಇಲ್ಲೂ ಇದೆ. ಉಚಿತ ಖಾತೆಯಲ್ಲೂ ಅದನ್ನು ಕತ್ತರಿಸಿ ಕೊಟ್ಟಿಲ್ಲ: ಸ್ಕೆಚ್ (ಚಪ್ಪಟೆ ರೇಖಾಚಿತ್ರ), ಎಕ್ಸ್‌ಟ್ರೂಡ್ (ಅದನ್ನು ಎಬ್ಬಿಸಿ ಘನ ಮಾಡುವುದು), ಲಾಫ್ಟ್ (ಎರಡು ಆಕಾರಗಳ ನಡುವೆ ಘನ ತುಂಬುವುದು), ಅಸೆಂಬ್ಲಿ (ಪಾರ್ಟ್‌ಗಳ ಜೋಡಣೆ), ಡ್ರಾಯಿಂಗ್ ಎಲ್ಲವೂ ಸಿಗುತ್ತವೆ. ದುಡ್ಡಿನ ಬದಲು ಬೇರೆ ಎರಡನ್ನು ಕೊಡಬೇಕಾಗುತ್ತದೆ, ಗುಟ್ಟು ಮತ್ತು ನೆಟ್. ಶಿರಸಿ ಸೀಮೆಯ ಹವ್ಯಾಸಿಗೆ ಈ ವ್ಯವಹಾರ ಗಿಟ್ಟುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲು ಯಂತ್ರದ ಮಾತು. ಲೆಕ್ಕವೆಲ್ಲ ಸರ್ವರ್‌ನಲ್ಲಿ ನಡೆಯುತ್ತದೆ. ನಮ್ಮ ಲ್ಯಾಪ್‌ಟಾಪ್ ಆಕೃತಿಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸುವ ಕೆಲಸ ಮಾತ್ರ ಮಾಡುತ್ತದೆ. ಹಾಗಾಗಿ ಹಳೆಯ 4 ಜಿಬಿ ಯಂತ್ರವೂ ಸಣ್ಣ ಪಾರ್ಟ್‌ಗಳಿಗೆ ಸಾಕು. ಆಕೃತಿ ತಿರುಗಿಸುವಾಗ ಎತ್ತಿನಗಾಡಿಯಂತೆ ಎಳೆಯುತ್ತಿದ್ದರೆ ಕಾರಣ ಬಹುತೇಕ ಒಂದೇ, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗದ ಗ್ರಾಫಿಕ್ಸ್ ಆಕ್ಸಲರೇಶನ್ (ಹಳೆಯ ಆವೃತ್ತಿಗಳಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್) ಆಫ್ ಆಗಿರುತ್ತದೆ. ಆನ್ ಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ. ಮೌಸ್ ಇಲ್ಲದೆ ಕೂರಲೇಬೇಡಿ. ಬಲಗುಂಡಿ ಒತ್ತಿ ಎಳೆದರೆ ತಿರುಗುತ್ತದೆ, ನಡುವಿನ ಚಕ್ರ ಒತ್ತಿ ಎಳೆದರೆ ಸರಿಯುತ್ತದೆ. ಟಚ್‌ಪ್ಯಾಡ್‌ನಲ್ಲಿ ಇದನ್ನು ಮಾಡಹೊರಟರೆ ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ.

ನೆಟ್‌ನ ವಿಷಯದಲ್ಲಿ ವೇಗಕ್ಕಿಂತ ಸ್ಥಿರತೆ ಮುಖ್ಯ. ಪ್ರತಿ ಫೀಚರ್‌ಗೂ (ಆಕೃತಿ ಕಟ್ಟುವ ಒಂದೊಂದು ಹೆಜ್ಜೆಗೂ) ಸರ್ವರ್‌ಗೆ ಹೋಗಿ ಬರಬೇಕಾದ್ದರಿಂದ, ನಿಧಾನವಾದರೂ ತುಂಡಾಗದ ಲೈನು ಘಟ್ಟದ ತಿರುವಿನಲ್ಲಿ ಬಂದು ಹೋಗುವ 4ಜಿ ಸಿಗ್ನಲ್‌ಗಿಂತ ಮೇಲು. ಸಂಪರ್ಕ ಕಡಿದರೆ ಪರದೆಯಲ್ಲಿ ಆಕೃತಿ ಕಾಣುತ್ತಿರುತ್ತದೆ, ಕೆಲಸ ಮಾತ್ರ ಸಾಗದು. ಸೇವ್ ಗುಂಡಿಯೇ ಇಲ್ಲ. ಹಸಿರು ಟಿಕ್ ಒತ್ತಿದ ಫೀಚರ್ ಸರ್ವರ್ ತಲುಪಿದ್ದರೆ ಅದು ಉಳಿದಂತೆ, ಅರ್ಧ ಎಳೆದ ಸ್ಕೆಚ್‌ಗೆ ಭರವಸೆ ಇಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ರೌಟರ್‌ಗೆ ಇರುವುದಿಲ್ಲ. ಹೆಚ್ಚಿನ ರೌಟರ್‌ಗಳು 12 ವೋಲ್ಟ್‌ನವು, ಅವಕ್ಕೆಂದೇ ಸಿಗುವ ಸಣ್ಣ ಡಿಸಿ ಯುಪಿಎಸ್ ಹಾಕಿದರೆ ಸಾಕು. ಫೈಬರ್ ಪೆಟ್ಟಿಗೆಯೂ ರೌಟರೂ ಬೇರೆಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೇ ಹಾಕಿ ನೆಟ್ ಯಾಕೆ ಬರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಸಾಮಾನ್ಯ.

ಉಪಕರಣದ ಗುಣ ತಿಳಿಯಲು ತೋಟದ ಒಂದು ನಿಜವಾದ ಪಾರ್ಟ್ ತೆಗೆದುಕೊಳ್ಳೋಣ: ಅಡಿಕೆ ಮರಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯ (ಉದ್ದನೆಯ ಕೋಲಿನ) ಕೊಳವೆಗೆ ಹೋಸ್ ಪೈಪ್ ಹಿಡಿದಿಡುವ ಕ್ಲಾಂಪ್. ಎರಡು ಹೋಳು, ನಡುವೆ ಎರಡು ಎಂ4 (4 ಮಿ.ಮೀ. ದಪ್ಪದ) ಬೋಲ್ಟು.

ಹೊಸ ಡಾಕ್ಯುಮೆಂಟ್ ತೆರೆದ ಕೂಡಲೇ ಮೆನುವಿನಲ್ಲಿ ವರ್ಕ್‌ಸ್ಪೇಸ್ ಯೂನಿಟ್ಸ್ ನೋಡಿ ಮಿಲಿಮೀಟರ್ ಮಾಡಿಕೊಳ್ಳಿ. ಆಮೇಲೆ ಸ್ಕೆಚ್‌ಗೆ ಕೈಹಾಕುವ ಮೊದಲು ವೇರಿಯಬಲ್‌ಗಳನ್ನು, ಅಂದರೆ ಹೆಸರಿಟ್ಟ ಅಳತೆಗಳನ್ನು ಬರೆಯಿರಿ: ದೋಟಿಯ ಹೊರವ್ಯಾಸ (ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದದ್ದು, ಉದಾಹರಣೆಗೆ 30 ಮಿ.ಮೀ.), ರಬ್ಬರ್ ಪಟ್ಟಿಯ ದಪ್ಪ 1.5, ಗೋಡೆ 4, ಎತ್ತರ 25. ಅಳತೆ ಕೇಳಿದಲ್ಲೆಲ್ಲ ಹ್ಯಾಶ್ ಚಿಹ್ನೆ ಹಾಕಿ ವೇರಿಯಬಲ್‌ನ ಹೆಸರು ಕೊಟ್ಟರಾಯಿತು, ಕೂಡುವ ಗುಣಿಸುವ ಲೆಕ್ಕವನ್ನೂ ಅಲ್ಲೇ ಬರೆಯಬಹುದು. ದೋಟಿಯ ತುಂಡುಗಳು ಒಂದರೊಳಗೊಂದು ಕೂರುವಂಥವು, ಆದ್ದರಿಂದ ಒಂದೊಂದರ ವ್ಯಾಸ ಒಂದೊಂದು. ವೇರಿಯಬಲ್ ಇದ್ದರೆ ಮುಂದಿನ ತುಂಡಿನ ಕ್ಲಾಂಪ್‌ಗೆ ಒಂದು ಅಂಕಿ ತಿದ್ದಿದರೆ ಮುಗಿಯಿತು. ಇಲ್ಲದಿದ್ದರೆ ಹನ್ನೆರಡು ಕಡೆ ತಿದ್ದಬೇಕು, ಅದರಲ್ಲಿ ಒಂದನ್ನು ಖಂಡಿತ ಮರೆಯುತ್ತೀರಿ.

ಶಿಫ್ಟ್ ಜೊತೆ ಎಸ್ ಒತ್ತಿ ಟಾಪ್ ಪ್ಲೇನ್ ಆರಿಸಿದರೆ ಸ್ಕೆಚ್ ತೆರೆಯುತ್ತದೆ. ಮೂಲಬಿಂದುವಿನಿಂದ ಎರಡು ವೃತ್ತ. ಒಳಗಿನದ್ದು ದೋಟಿಯ ವ್ಯಾಸಕ್ಕೆ ರಬ್ಬರಿನ ಎರಡು ಪಟ್ಟು ಕೂಡಿಸಿದ್ದು, ಹೊರಗಿನದ್ದು ಅದಕ್ಕೆ ಗೋಡೆಯ ಎರಡು ಪಟ್ಟು ಕೂಡಿಸಿದ್ದು. ಎರಡೂ ಬದಿಗೆ ಬೋಲ್ಟಿನ ಕಿವಿಗಳಿಗೆ ಆಯತ. ನೀಲಿ ಗೆರೆ ಎಂದರೆ ಇನ್ನೂ ಸಡಿಲ, ಕಪ್ಪು ಎಂದರೆ ಪೂರ್ತಿ ಬಿಗಿಯಾಗಿದೆ, ಕೆಂಪು ಎಂದರೆ ಒಂದಕ್ಕೊಂದು ಹೊಂದದ ನಿಬಂಧನೆಗಳು ಸೇರಿವೆ. ನೀಲಿ ಉಳಿದಿರುವಾಗ ಮುಂದೆ ಹೋಗಲು ತಂತ್ರಾಂಶ ಬಿಡುತ್ತದೆ, ನೀವು ಹೋಗಬೇಡಿ. ನಾಳೆ ವ್ಯಾಸ ಬದಲಿಸಿದಾಗ ಕಿವಿ ಎಲ್ಲಿಗೋ ಹಾರಿ ಕೂರುವುದು ಈ ನೀಲಿ ಗೆರೆಯಿಂದಲೇ.

ಎಕ್ಸ್‌ಟ್ರೂಡ್ ಮಾಡಿ ಘನವಾದ ಮೇಲೆ, ನಡುವೆ 2 ಮಿ.ಮೀ. ಅಗಲದ ಸೀಳನ್ನು ರಿಮೂವ್ ಆಯ್ಕೆಯಲ್ಲಿ ಆರಪಾರ ಕೊರೆದರೆ ಪಾರ್ಟ್ ಪಟ್ಟಿಯಲ್ಲಿ ತಾನಾಗಿ ಎರಡು ಪಾರ್ಟ್ ಆಗುತ್ತವೆ. ಈ ಸೀಳು ಬಿಡದೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ, ಬೋಲ್ಟ್ ಬಿಗಿಯುವಾಗ ಎರಡು ಹೋಳುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ದೋಟಿಯನ್ನು ಹಿಡಿಯುವುದೇ ಇಲ್ಲ. ರಬ್ಬರಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಆಗುತ್ತದೆ, ದಪ್ಪ ಅಳೆದು ವೇರಿಯಬಲ್‌ಗೆ ಹಾಕಿ. ಬರಿ ಪ್ಲಾಸ್ಟಿಕ್ ಕಾರ್ಬನ್ ಕೊಳವೆಯ ಮೇಲೆ ಜಾರುತ್ತದೆ.

ರಂಧ್ರಕ್ಕೆ ವೃತ್ತ ಎಳೆಯದೆ ಹೋಲ್ ಫೀಚರ್ ಬಳಸಿ: ಐಎಸ್‌ಒ, ಕ್ಲಿಯರೆನ್ಸ್, ಎಂ4, ನಾರ್ಮಲ್ ಎಂದರೆ 4.5 ಮಿ.ಮೀ. ತಾನೇ ಕೊಡುತ್ತದೆ. ಇಲ್ಲಿ ಎಲ್ಲರೂ ಎಡವುವ ಕಲ್ಲು ಮರ್ಜ್ ಸ್ಕೋಪ್, ಅಂದರೆ ಫೀಚರ್ ಯಾವ ಪಾರ್ಟ್‌ಗಳಿಗೆ ಅನ್ವಯಿಸಬೇಕು ಎಂಬ ಪಟ್ಟಿ. ಎರಡೂ ಹೋಳುಗಳನ್ನು ಅದರಲ್ಲಿ ಸೇರಿಸದಿದ್ದರೆ ರಂಧ್ರ ಒಂದರಲ್ಲಷ್ಟೇ ಬೀಳುತ್ತದೆ. ನಟ್ ಕೂರುವ ಗುಂಡಿಗೆ ಷಟ್ಕೋನ ಬೇಕು. ಪಾಲಿಗಾನ್‌ನಲ್ಲಿ ಎರಡು ಬಗೆ ಇವೆ, ಇನ್‌ಸ್ಕ್ರೈಬ್ಡ್ ಮತ್ತು ಸರ್ಕಮ್‌ಸ್ಕ್ರೈಬ್ಡ್. ಎರಡನೆಯದನ್ನೇ ಆರಿಸಿ, ಆಗ ಕೊಡುವ ವ್ಯಾಸವೇ ನಟ್ಟಿನ ಚಪ್ಪಟೆ ಬದಿಗಳ ನಡುವಿನ ಅಂತರ. ಎಂ4 ನಟ್ ಅಲ್ಲಿ 7 ಮಿ.ಮೀ., ದಪ್ಪ 3.2. 3ಡಿ ಪ್ರಿಂಟ್‌ಗೆ 7.3 ಅಗಲ, 3.5 ಆಳ ಇಟ್ಟರೆ ಕೈಯಿಂದ ಒತ್ತಿದರೆ ಕೂರುತ್ತದೆ. ಮೊದಲನೆಯದನ್ನು ಆರಿಸಿ 7.3 ಕೊಟ್ಟರೆ ಗುಂಡಿ ಸುಮಾರು 6.3 ಆಗಿ ನಟ್ ಒಳಗೆ ಹೋಗದು.

ಕಿವಿಯ ಬುಡಕ್ಕೆ 2 ಮಿ.ಮೀ. ಫಿಲೆಟ್ (ಮೂಲೆಯ ದುಂಡು) ಬೇಕೇ ಬೇಕು, ಒಡೆಯುವುದು ಅಲ್ಲೇ. ಆದರೆ ಫಿಲೆಟ್ ಫೀಚರ್ ಪಟ್ಟಿಯ ಕೊನೆಯಲ್ಲಿರಲಿ. ಮೊದಲೇ ಹಾಕಿದರೆ, ಆಮೇಲೆ ಅಳತೆ ತಿದ್ದಿದಾಗ ಅದು ಹಿಡಿದಿದ್ದ ಅಂಚು ಮಾಯವಾಗಿ ಫೀಚರ್ ಕೆಂಪಾಗುತ್ತದೆ. ಹಾಗಾದರೆ ಭಯ ಬೇಡ, ಫೀಚರ್ ಪಟ್ಟಿಯ ರೋಲ್‌ಬ್ಯಾಕ್ ಗೆರೆಯನ್ನು (ಅದರ ಕೆಳಗಿನವನ್ನು ತಾತ್ಕಾಲಿಕವಾಗಿ ಬದಿಗಿಡುವ ಗೆರೆ) ಮೇಲೆಳೆದು ಮೊದಲು ಕೆಂಪಾದ ಫೀಚರ್ ಯಾವುದೆಂದು ಹುಡುಕಿ ಅದನ್ನಷ್ಟೇ ಸರಿಮಾಡಿ. ಅದರ ಕೆಳಗಿನವು ಬಹುತೇಕ ತಾವೇ ಸರಿಹೋಗುತ್ತವೆ.

ಪ್ರಿಂಟ್ ಮಾಡುವಾಗ ಉಂಗುರದ ಅಕ್ಷ ನೇರ ನಿಂತಿರಲಿ. ಆಗ ಎಳೆತ ಪದರದ ಉದ್ದಕ್ಕೆ ಬೀಳುತ್ತದೆ, ಮಲಗಿಸಿ ಪ್ರಿಂಟ್ ಮಾಡಿದರೆ ಕಿವಿ ಪದರದಲ್ಲೇ ಬಿರಿಯುತ್ತದೆ. ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಟ್ಟರೆ ಸೊಟ್ಟಗಾಗುತ್ತದೆ. ಪಿಇಟಿಜಿ ಸುಮಾರು 80ರವರೆಗೆ ತಡೆಯುತ್ತದೆ. ಮಳೆಗಾಲದಲ್ಲಿ ಕಾರವಾರದಿಂದ ಶಿರಸಿವರೆಗೆ ಎಲ್ಲ ಕಡೆಯೂ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ತಂತಿ) ತೇವ ಹೀರುತ್ತದೆ. ನಾಝಲ್‌ನಲ್ಲಿ ಚಟಪಟ ಸದ್ದು, ನೂಲು ನೂಲಾಗಿ ಎಳೆಯುವುದು ಅದರ ಗುರುತು. ಪಿಇಟಿಜಿಯನ್ನು 65 ಡಿಗ್ರಿಯಲ್ಲಿ ಐದಾರು ಗಂಟೆ ಒಣಗಿಸಿ. ಬೋಲ್ಟ್ ಮಾತ್ರ ಕಬ್ಬಿಣದ್ದು ಬೇಡ. ಕೊಳೆಗೆ ಹೊಡೆಯುವ ನೂರು ಲೀಟರ್ ಬೋರ್ಡೋ ದ್ರಾವಣದಲ್ಲಿ ಒಂದು ಕಿಲೋ ಮೈಲುತುತ್ತ ಇರುತ್ತದೆ, ಸುಣ್ಣ ಸರಿಯಾಗಿ ಬೀಳದಿದ್ದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಹಾಕಿ.

ಪ್ರಿಂಟರಿಗೆ ಬೇಕಾದ ಎಸ್‌ಟಿಎಲ್ ಕಡತ ಎಕ್ಸ್‌ಪೋರ್ಟ್ ಮಾಡಲು ಪಾರ್ಟ್ ಹೆಸರಿನ ಮೇಲೆ ಬಲಕ್ಲಿಕ್, ಎಕ್ಸ್‌ಪೋರ್ಟ್, ಎಸ್‌ಟಿಎಲ್. ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನವೇ ಇರುವುದಿಲ್ಲ, ಬರಿ ಅಂಕಿಗಳು. ಇಂಚಿನಲ್ಲಿ ಹೊರಗೆ ಕಳಿಸಿದರೆ ಸ್ಲೈಸರ್‌ನಲ್ಲಿ (ಆಕೃತಿಯನ್ನು ಪ್ರಿಂಟಿನ ಪದರಗಳಾಗಿ ಸೀಳುವ ತಂತ್ರಾಂಶದಲ್ಲಿ) ಕ್ಲಾಂಪ್ 25.4 ಪಟ್ಟು ಚಿಕ್ಕದಾಗಿ ಅಡಿಕೆಯ ಚೂರಿನಂತೆ ಕಾಣುತ್ತದೆ, ಮೀಟರ್‌ನಲ್ಲಿ ಕಳಿಸಿದರೆ ಕಾಣುವುದೇ ಇಲ್ಲ. ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಮಿಲಿಮೀಟರ್ ಆರಿಸಿ. ವೃತ್ತ ಮೂಲೆಮೂಲೆಯಾಗಿ ಬಂದರೆ ರೆಸಲ್ಯೂಶನ್ ಫೈನ್ ಮಾಡಿ.

ಪೈಪಿನ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ, ಇದು ತಂತ್ರಾಂಶದ ತಪ್ಪಲ್ಲ. ಅಂಗಡಿಯಲ್ಲಿ ‘ಒಂದಿಂಚು’ ಎಂದು ಕೊಡುವ ಪೈಪ್ ಮೂರು ಬಗೆ ಇರಬಹುದು. ತೋಟದ ನೀರಾವರಿಯ ಪಿವಿಸಿ ಹೊರವ್ಯಾಸ 32 ಮಿ.ಮೀ., ಮನೆಯ ಪ್ಲಂಬಿಂಗ್‌ನ ಶೆಡ್ಯೂಲ್ 40 ಯುಪಿವಿಸಿ 33.4, ಬಿಸಿನೀರಿನ ಸಿಪಿವಿಸಿ 28.6. ಹೆಸರು ನಂಬಿ ಡ್ರಾಯಿಂಗ್ ಮಾಡಬೇಡಿ, ವರ್ನಿಯರ್ ಹಾಕಿ. ಸ್ಪ್ರಿಂಕ್ಲರ್‌ನ ಮುಕ್ಕಾಲಿಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆಯ) ಥ್ರೆಡ್‌ಗೆ ಹೊರವ್ಯಾಸ 26.44, ಇಂಚಿಗೆ 14 ಸುತ್ತು, ಅಂದರೆ ಪಿಚ್ 1.814, ಕೋನ 55 ಡಿಗ್ರಿ. ಹೀಲಿಕ್ಸ್ (ಸುರುಳಿ ಗೆರೆ) ಮತ್ತು ಸ್ವೀಪ್ (ಆ ಗೆರೆಗುಂಟ ಆಕಾರ ಎಳೆಯುವುದು) ಬಳಸಿ ಇದನ್ನು ಮಾಡಬಹುದು, ಮಾಡಿದ ಮೇಲೆ ಪ್ರತಿ ಬದಲಾವಣೆಗೂ ಆಕೃತಿ ಲೆಕ್ಕವಾಗಲು ಹೊತ್ತು ಹಿಡಿಯುತ್ತದೆ. ಥ್ರೆಡ್ ಇರುವ ಭಾಗವನ್ನು ಹಿತ್ತಾಳೆಯದ್ದೇ ಕೊಂಡು, ಅದು ಕೂರುವ ಗೂಡನ್ನು ಪ್ರಿಂಟ್ ಮಾಡುವುದು ಜಾಣತನ.

ಲೇತ್ ಅಂಗಡಿಗೆ ಡ್ರಾಯಿಂಗ್ ಕೊಡುವವರು ಟೆಂಪ್ಲೇಟ್ ಆರಿಸುವಾಗ ಐಎಸ್‌ಒ (ಅಂತಾರಾಷ್ಟ್ರೀಯ ಮಾನಕ) ಆರಿಸಿ, ಆನ್ಸಿ (ಅಮೆರಿಕದ ಮಾನಕ) ಬೇಡ. ನಮ್ಮ ಐಟಿಐಗಳಲ್ಲಿ ಕಲಿಸುವುದು ಫಸ್ಟ್ ಆಂಗಲ್ ಪ್ರೊಜೆಕ್ಷನ್, ಆನ್ಸಿ ಟೆಂಪ್ಲೇಟ್ ಕೊಡುವುದು ಥರ್ಡ್ ಆಂಗಲ್, ಎರಡರಲ್ಲೂ ಬದಿಯ ನೋಟ ಕೂರುವ ಜಾಗ ಅದಲುಬದಲು. ಮೂಲೆಯ ಚಿಹ್ನೆ ಯಾರೂ ನೋಡುವುದಿಲ್ಲ, ರಂಧ್ರ ಎದುರು ಬದಿಗೆ ಬೀಳುತ್ತದೆ.

ಈಗ ಗುಟ್ಟಿನ ವಿಷಯ. ಉಚಿತ ಖಾತೆಯಲ್ಲಿ ಮಾಡಿದ ಎಲ್ಲ ಡಾಕ್ಯುಮೆಂಟೂ ಸಾರ್ವಜನಿಕ. ನಿಮ್ಮ ಮೂಲವನ್ನು ಬೇರೆಯವರು ತಿದ್ದಲಾಗದು, ಆದರೆ ಹುಡುಕಬಹುದು, ನೋಡಬಹುದು, ನಕಲು ಮಾಡಿಕೊಂಡು ಬಳಸಬಹುದು. ಬಳಕೆಯೂ ವ್ಯಾಪಾರಕ್ಕಲ್ಲದ್ದಾಗಿರಬೇಕು. ಹೋಸ್ ಕ್ಲಾಂಪ್‌ಗೆ ಇದರಿಂದ ನಷ್ಟವೇನಿಲ್ಲ. ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಬಗೆಯ ರೋಲರ್ ಯೋಚಿಸಿದವರು ಮಾತ್ರ ಇಲ್ಲಿ ಕೂರಬಾರದು. ಪೇಟೆಂಟ್ ಆಗಲಿ ಡಿಸೈನ್ ನೋಂದಣಿ ಆಗಲಿ, ಅರ್ಜಿಗೆ ಮೊದಲು ಬಹಿರಂಗವಾದದ್ದಕ್ಕೆ ಹೊಸತನ ಹೋಗುತ್ತದೆ. ‘ಯಾರು ಹುಡುಕುತ್ತಾರೆ ಬಿಡಿ’ ಎಂಬುದು ಅಲ್ಲಿ ಉತ್ತರವಾಗದು. ಖಾಸಗಿ ಡಾಕ್ಯುಮೆಂಟ್ ಕೊಡುವ ಸ್ಟ್ಯಾಂಡರ್ಡ್ ಯೋಜನೆ ವರ್ಷಕ್ಕೆ 1500 ಡಾಲರ್ ಆಸುಪಾಸು, ಹವ್ಯಾಸಿಯ ಮಾತಲ್ಲ. ವಿದ್ಯಾರ್ಥಿ, ಶಿಕ್ಷಕರಿಗೆ ಬೇರೆಯೇ ಉಚಿತ ಯೋಜನೆ ಇದೆ. ಡಾಕ್ಯುಮೆಂಟ್‌ನ ಹೆಸರಿನಲ್ಲಿ ನಿಮ್ಮ ಮನೆ ಹೆಸರು, ಫೋನ್ ನಂಬರ್ ಬರೆಯದಿರುವುದು ಒಳ್ಳೆಯದು.

ಇದನ್ನು ಬಿಟ್ಟುಹೋಗಲು ಮನಸ್ಸಾಗದಿರುವುದಕ್ಕೆ ಕಾರಣ ಬ್ರೌಸರ್ ಅಲ್ಲ, ವರ್ಶನ್. ಪ್ರತಿ ಬದಲಾವಣೆ ಇತಿಹಾಸದಲ್ಲಿ ಉಳಿಯುತ್ತದೆ, ಬೇಕಾದ ಹಂತಕ್ಕೆ ಮರಳಬಹುದು. ಪ್ರಿಂಟ್‌ಗೆ ಕಳಿಸುವ ಮುನ್ನ ಒಂದು ವರ್ಶನ್ ಮಾಡಿ, ‘30 ಮಿ.ಮೀ. ದೋಟಿ, ಪಿಇಟಿಜಿ, ನಟ್ ಬಿಗಿ’ ಎಂಬಂಥ ಟಿಪ್ಪಣಿ ಹಾಕಿಡಿ. ಅದರಿಂದ ಕವಲು ತೆಗೆದು ಬೇರೆ ರೂಪ ಪ್ರಯತ್ನಿಸಿದರೂ ಮೂಲಕ್ಕೆ ಧಕ್ಕೆಯಿಲ್ಲ. ‘ಕ್ಲಾಂಪ್ ಫೈನಲ್’, ‘ಕ್ಲಾಂಪ್ ಫೈನಲ್ 2’, ‘ನಿಜವಾದ ಫೈನಲ್’ ಎಂಬ ಕಡತಗಳ ಸಂಸಾರ ತಪ್ಪುತ್ತದೆ. ಒಂದೇ ಪಾರ್ಟ್ ಸ್ಟುಡಿಯೋದಲ್ಲಿ (ಪಾರ್ಟ್ ಕಟ್ಟುವ ಪುಟದಲ್ಲಿ) ಡಬ್ಬಿ, ಮುಚ್ಚಳ ಎರಡನ್ನೂ ಒಂದೇ ಸ್ಕೆಚ್‌ನಿಂದ ಎಬ್ಬಿಸಬಹುದು ಎಂಬುದೂ ದೊಡ್ಡ ಅನುಕೂಲ, ಅಳತೆ ತಪ್ಪುವ ಮಾತೇ ಇಲ್ಲ. ಹೊಸ ಪಾರ್ಟ್ ಬೇಕಾದಾಗ ಎಕ್ಸ್‌ಟ್ರೂಡ್ ಕಿಟಕಿಯಲ್ಲಿ ಆಡ್ ಬದಲು ನ್ಯೂ ಆರಿಸುವುದನ್ನು ಮರೆತರೆ ಮುಚ್ಚಳ ಡಬ್ಬಿಗೆ ಬೆಸೆದುಹೋಗುತ್ತದೆ, ಅಷ್ಟೇ. ಅಸೆಂಬ್ಲಿಯಲ್ಲಿ ಬಾಗಿಲಿನ ಕೀಲು ಕೂರಿಸಲು ಒಂದು ರಿವೊಲ್ಯೂಟ್ ಮೇಟ್ (ತಿರುಗಲು ಬಿಡುವ ಜೋಡಣೆ) ಸಾಕು. ಹಳೆಯ ಪದ್ಧತಿಯಂತೆ ಒಂದಕ್ಕೆ ಎರಡು ಮೂರು ನಿಬಂಧನೆ ಹಾಕಬೇಕಿಲ್ಲ.

ಕೆಟ್ಟದ್ದೆಂದರೆ, ಫೀಚರ್ ಪಟ್ಟಿ ಇಲ್ಲಿಂದ ಹೊರಗೆ ಬರುವುದಿಲ್ಲ. ಬೇರೆ ಕ್ಯಾಡ್‌ಗಳೂ ಓದುವ ಸ್ಟೆಪ್ ಕಡತವಾಗಿ ಇಳಿಸಿಕೊಂಡರೆ ಆಕಾರ ಬರುತ್ತದೆ, ಅದನ್ನು ಕಟ್ಟಿದ ಬಗೆ ಬರುವುದಿಲ್ಲ. ಆದ್ದರಿಂದ ಪ್ರತಿ ವರ್ಶನ್‌ಗೂ ಒಂದು ಸ್ಟೆಪ್, ಜೊತೆಗೆ ವೇರಿಯಬಲ್‌ಗಳನ್ನು ಬರೆದ ಒಂದು ಕಾಗದ. ನೆಟ್ ವಾರಗಟ್ಟಲೆ ಇರದ ಊರಿನವರು, ಗುಟ್ಟು ಬೇಕಾದವರು ಸ್ವಂತ ಯಂತ್ರದಲ್ಲೇ ನಡೆಯುವ ಉಚಿತ ಫ್ರೀಕ್ಯಾಡ್ ಹಿಡಿಯಲಿ. 2024ರಲ್ಲಿ ಬಂದ 1.0 ಆವೃತ್ತಿಯಿಂದ ಅದು ಬಳಸುವಂತಾಗಿದೆ, ಕಲಿಯಲು ತಾಳ್ಮೆ ಬೇಕು. ಶಾಲೆಯ ಮಕ್ಕಳಿಗೆ ಟಿಂಕರ್‌ಕ್ಯಾಡ್ ಸಾಕು.

ಆಂಡ್ರಾಯ್ಡ್ ಆ್ಯಪ್‌ನಲ್ಲಿ ಸ್ಕೆಚ್ ಎಳೆಯಲು ಹೋಗಬೇಡಿ, ಬೆರಳು ದಪ್ಪ, ಗೆರೆ ಸಣ್ಣ. ಅದರ ಉಪಯೋಗ ಬೇರೆ. ತೋಟದಲ್ಲಿ ಸಿಗ್ನಲ್ ಇದ್ದರೆ ದೋಟಿಯ ಮುಂದಿನ ತುಂಡನ್ನು ವರ್ನಿಯರ್‌ನಲ್ಲಿ ಅಳೆದು ಅಲ್ಲೇ ವೇರಿಯಬಲ್ ತಿದ್ದಿ, ಯಾವುದೂ ಕೆಂಪಾಗಲಿಲ್ಲವೆಂದು ನೋಡಿಕೊಳ್ಳಬಹುದು. ಮನೆಗೆ ಬರುವಷ್ಟರಲ್ಲಿ ಎಸ್‌ಟಿಎಲ್ ಇಳಿಸಿಕೊಳ್ಳುವುದೊಂದೇ ಬಾಕಿ.